ಗ್ಯಾರೇಜ್ ಕಟ್ಟೆ: ವಾಪಸ್ ಬರೋ ಕರೆಂಟಿಗೂ ಜಾಗ ಬೇಕಲ್ವಾ?

ಹೋದ ಸಂಚಿಕೆಯಲ್ಲಿ ಹಳೇ ಪೆಟ್ರೋಲ್ ಕಾರಿಗೆ ಎಲೆಕ್ಟ್ರಿಕ್ ಮೋಟರ್ ಕೂರಿಸುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ಕಟ್ಟು ನೋಡಿ ನಮ್ಮ ಮನೆಯವರು, "ಮಿಕ್ಸಿ ರಿಪೇರಿ ಕೇಳೋರು ಯಾರೂ ಉಳಿದಿಲ್ವಾ?" ಅಂದರು. ಆದ್ದರಿಂದ ಈ ಸಲ ಪೂರ್ತಿ ಅದೇ ವಿಷಯ.

ಹೊಸಬರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ಮೈಸೂರಿನ ಬನ್ನಿಮಂಟಪದ ಹತ್ತಿರ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ. ನನ್ನ ಹತ್ತಿರ ಎರಡು ಎಲೆಕ್ಟ್ರಿಕ್ ಕಾರುಗಳಿವೆ. ಒಂದು ಹಳೇ ರೇವಾ, ಕಾರ್ಖಾನೆಯಿಂದ ಹಾಗೇ ಬಂದದ್ದು. ಇನ್ನೊಂದು ನಾನೇ ಬಿಚ್ಚಿ ಕಟ್ಟಿದ ಮಾರುತಿ 800. ಅದು ಪಾಂಡವಪುರದ ಹತ್ತಿರ ನಮ್ಮ ಭಾವಮೈದನ ತೋಟದ ಬೇಲಿ ಒಳಗೆ ಮಾತ್ರ ಓಡುತ್ತದೆ. ಯಾಕೆ ಅಂತ ಕೊನೇ ಪ್ರಶ್ನೆಯಲ್ಲಿ ಹೇಳುತ್ತೇನೆ.

ಪ್ರಶ್ನೆ: ಮನೆಯಲ್ಲಿ ಎಂಜಿನ್ ಸೀಜ್ ಆದ ಮಾರುತಿ 800 ನಿಂತಿದೆ. ಪರಿಚಯದವರೊಬ್ಬರು ಇ-ರಿಕ್ಷಾದ 48 ವೋಲ್ಟಿನ, 1 ಕಿಲೋವಾಟ್ ಮೋಟರ್ ಸುಮ್ನೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಅದನ್ನು ಹಾಕಿದರೆ ಚಾಮುಂಡಿ ಬೆಟ್ಟ ಹತ್ತುತ್ತದೆಯೇ? ಹತ್ತಲು ಖರ್ಚಾದ ಕರೆಂಟೆಲ್ಲ ಇಳಿಯುವಾಗ ರೀಜನರೇಟಿವ್ ಬ್ರೇಕಿಂಗಿನಿಂದ ವಾಪಸ್ ಬರುತ್ತದಂತೆ, ಹೌದೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಕುವೆಂಪುನಗರ

ಉತ್ತರ: ಬ್ಯಾಂಕಿನವರಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು. ಕಾರು, ಬ್ಯಾಟರಿ, ನೀವು, ನಿಮ್ಮ ಮನೆಯವರು ಎಲ್ಲ ಸೇರಿ 900 ಕಿಲೋ ಅಂತ ಇಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ಓಡಿಸಲು ಸುಮಾರು 3 ಕಿಲೋವಾಟ್ ಬೇಕು. 70 ಕಿ.ಮೀ.ಗೆ ಹೋದರೆ 5ರಿಂದ 6. ನೂರು ಮೀಟರಿಗೆ ಏಳು ಮೀಟರ್ ಏರುವ ಕಡಿದಾದ ಜಾಗದಲ್ಲಿ 30 ಕಿ.ಮೀ. ವೇಗ ಬೇಕೆಂದರೆ 6ಕ್ಕಿಂತ ಜಾಸ್ತಿ. ಇ-ರಿಕ್ಷಾ ಮೋಟರ್ ಸ್ವಲ್ಪ ಹೊತ್ತು ತನ್ನ ಪ್ಲೇಟಿನಲ್ಲಿ ಬರೆದದ್ದರ ಎರಡರಷ್ಟು ದುಡಿಯುತ್ತದೆ, ಆಮೇಲೆ ವಾರ್ನಿಷ್ ವಾಸನೆ ಬರುತ್ತದೆ. ಬರೀ 1 ಕಿಲೋವಾಟಿನಲ್ಲಿ ಆ ಏರಿನಲ್ಲಿ ನಿಮ್ಮ ವೇಗ ಗಂಟೆಗೆ 4–5 ಕಿ.ಮೀ. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುವ ಹೆಂಗಸರು ನಿಮಗಿಂತ ಮೊದಲು ದೇವಸ್ಥಾನ ಮುಟ್ಟುತ್ತಾರೆ. 800ಕ್ಕೆ ಸತತವಾಗಿ 8ರಿಂದ 10 ಕಿಲೋವಾಟ್ ಕೊಡುವ ಮೋಟರ್ ನೋಡಿ. ಅಂಗಡಿಯವನು "ಪೀಕ್" ಎಷ್ಟು ಅಂತ ಹೇಳಿದರೆ ಸಾಲದು, "ಕಂಟಿನ್ಯುಯಸ್" ಎಷ್ಟು ಅಂತ ಬಾಯಿ ಬಿಟ್ಟು ಕೇಳಿ.

ಈಗ ವಾಪಸಾತಿ. ಆಕ್ಸಿಲರೇಟರ್ ಬಿಟ್ಟಾಗ ಓಡುವ ಗಾಡಿಯೇ ಮೋಟರನ್ನು ತಿರುಗಿಸುತ್ತದೆ, ಮೋಟರ್ ಜನರೇಟರಾಗಿ ಗಾಡಿಯನ್ನು ತಡೆಯುತ್ತಾ ಬ್ಯಾಟರಿಗೆ ಕರೆಂಟ್ ಕಳಿಸುತ್ತದೆ. ಅದೇ ರೀಜನರೇಟಿವ್ ಬ್ರೇಕಿಂಗ್, ಚಿಕ್ಕದಾಗಿ ರೀಜನ್. ಬುಡದಿಂದ ಮೇಲಕ್ಕೆ 250 ಮೀಟರ್ ಎತ್ತರ, 8 ಕಿ.ಮೀ. ರಸ್ತೆ ಅಂತ ಹಿಡಿಯೋಣ. 900 ಕಿಲೋವನ್ನು ಅಷ್ಟು ಎತ್ತರಕ್ಕೆ ಏರಿಸಲು ಬರೀ ಎತ್ತರದ ಬಾಬ್ತೇ 0.6 ಯೂನಿಟ್. ಇಳಿಯುವಾಗ ಈ 0.6 ಪೂರ್ತಿ ಕೈಗೆ ಬರುವುದಿಲ್ಲ. ಟೈರು ಉರುಳುವುದಕ್ಕೇ ಕಾಲು ಯೂನಿಟ್ ಹೋಗುತ್ತದೆ. ಗಾಳಿ ಒಂದಿಷ್ಟು ತಿನ್ನುತ್ತದೆ. ಉಳಿದದ್ದರಲ್ಲಿ ಗೇರ್‌ಬಾಕ್ಸ್, ಮೋಟರ್, ಕಂಟ್ರೋಲರ್ (ಮೋಟರಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನೋಡಿಕೊಳ್ಳುವ ಪೆಟ್ಟಿಗೆ), ಬ್ಯಾಟರಿ ಎಲ್ಲರೂ ಕಮಿಷನ್ ಹಿಡಿದುಕೊಳ್ಳುತ್ತಾರೆ. ಕೊನೆಗೆ 0.2 ಯೂನಿಟ್ ಜಮಾ ಆದರೆ ದೊಡ್ಡದು. ಅದರಲ್ಲಿ ಎರಡು ಕಿ.ಮೀ. ಓಡಬಹುದು, ಅಷ್ಟೆ.

ಊರೊಳಗೆ ಇನ್ನೂ ಕಡಿಮೆ. 50 ಕಿ.ಮೀ. ವೇಗದಲ್ಲಿ ಬಂದು ರಾಮಸ್ವಾಮಿ ಸರ್ಕಲ್ಲಿನ ಸಿಗ್ನಲ್ಲಿಗೆ ನಿಲ್ಲುವಾಗ ಗಾಡಿಯಲ್ಲಿ ಇರುವ ಚಲನೆಯ ಶಕ್ತಿ 24 ವಾಟ್-ಅವರ್. ಅರ್ಧ ವಾಪಸ್ ಬಂದರೂ 120 ಮೀಟರ್ ಓಡುವಷ್ಟು. 25 ಕಿ.ಮೀ.ನಲ್ಲಿ ಬಂದಿದ್ದರೆ ಅದರ ಕಾಲು ಭಾಗ, ಯಾಕೆಂದರೆ ವೇಗ ಅರ್ಧವಾದರೆ ಶಕ್ತಿ ಕಾಲಾಗುತ್ತದೆ. ನನ್ನ ರೇವಾಕ್ಕೆ ಆಂಪಿಯರ್ ಮೀಟರ್ ಸಿಕ್ಕಿಸಿಕೊಂಡು ಒಂದು ತಿಂಗಳು ಊರು ಸುತ್ತಿದೆ. ಖರ್ಚಾದ ಹತ್ತು ಪಾಲಿಗೆ ಒಂದು ಪಾಲು ವಾಪಸ್ ಬಂದಿತ್ತು.

ಹಾಗಾದರೆ ರೀಜನ್ ಯಾಕೆ ಬೇಕು? ಬ್ರೇಕಿಗೆ ಸ್ವಾಮಿ, ಬ್ರೇಕಿಗೆ. ಬೆಟ್ಟದಿಂದ ಇಳಿದು ಬಂದು ಮುಂದಿನ ಚಕ್ರದ ಡಿಸ್ಕಿನ ಹತ್ತಿರ ಕೈ ಹಿಡಿದು ನೋಡಿ. ಪೆಟ್ರೋಲ್ ಗಾಡಿಯಲ್ಲಿ ಕೈ ಸುಡುತ್ತದೆ. ರೀಜನ್ ಇದ್ದರೆ ಬೆಚ್ಚಗಿರುತ್ತದೆ. ನನ್ನ ಲೆಕ್ಕದಲ್ಲಿ ಲಾಭ ಅಂದರೆ ಅದು.

ಪ್ರಶ್ನೆ: ಅಣ್ಣಾ, ತೋಟದಲ್ಲಿ 5 ಎಚ್‌ಪಿ ಪಂಪ್‌ಸೆಟ್ ಮೋಟರ್ ಎರಡು ಸುಮ್ನೆ ಬಿದ್ದಿವೆ. ಒಂದು ಸಬ್‌ಮರ್ಸಿಬಲ್, ಒಂದು ಮೊನೊಬ್ಲಾಕ್. ಅದನ್ನೇ ಕಾರಿಗೆ ಹಾಕಿದರೆ ಮೋಟರ್ ಖರ್ಚು ಉಳಿಯುತ್ತಲ್ವಾ?
— ಕಬ್ಬು ಬೆಳೆಗಾರ, ಮದ್ದೂರು ತಾಲ್ಲೂಕು

ಉತ್ತರ: ಈ ಪ್ರಶ್ನೆ ಓದಿ ನನಗೆ ಖುಷಿಯಾಯಿತು. ವೈಂಡಿಂಗ್ ಮಾಡುವವನಿಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ಯಾರು ಕೇಳುತ್ತಾರೆ?

ಮೊದಲು ಸಬ್‌ಮರ್ಸಿಬಲ್ ಪಕ್ಕಕ್ಕಿಡಿ. ಅದು ನೀರಲ್ಲೇ ಮುಳುಗಿ ತಣ್ಣಗಿರಲು ಹುಟ್ಟಿದ್ದು. ಗಾಳಿಯಲ್ಲಿ ಓಡಿಸಿದರೆ ಸ್ವಲ್ಪ ಹೊತ್ತಿಗೇ ಸುಟ್ಟು ಕೂರುತ್ತದೆ.

ಮೊನೊಬ್ಲಾಕ್ ಆಗಬಹುದು, ಆದರೆ ಹಾಗೇ ಅಲ್ಲ. 5 ಎಚ್‌ಪಿ ಅಂದರೆ 3.7 ಕಿಲೋವಾಟ್. ಅದು ಕೇಳುವುದು 415 ವೋಲ್ಟ್ ತ್ರೀ ಫೇಸ್. ಅಷ್ಟು ವೋಲ್ಟ್ ಹುಟ್ಟಿಸಲು ಬ್ಯಾಟರಿ ಕಡೆ 590 ವೋಲ್ಟ್ ಡಿಸಿ ಬೇಕು. ಮನೆಯಲ್ಲಿ ಕಟ್ಟುವ ಗಾಡಿಗೆ ಅಷ್ಟು ವೋಲ್ಟೇಜ್ ಬೇಡವೇ ಬೇಡ, ಒಂದು ಸಲ ಮುಟ್ಟಿದರೆ ಎರಡನೇ ಸಲ ಮುಟ್ಟಲು ನೀವಿರುವುದಿಲ್ಲ. ಅದಕ್ಕೆ ದಾರಿ ಅಂದರೆ ಮೋಟರನ್ನೇ ಬೇರೆ ಥರ ಕಟ್ಟುವುದು. 72 ವೋಲ್ಟ್ ಬ್ಯಾಟರಿಯಿಂದ ಕಂಟ್ರೋಲರ್ ಹುಟ್ಟಿಸಬಲ್ಲದ್ದು ಹೆಚ್ಚೆಂದರೆ 50 ವೋಲ್ಟ್ ಎಸಿ. 415ರ ಎಂಟನೇ ಒಂದು ಭಾಗ. ಹಾಗಾಗಿ ಸುತ್ತೂ ಎಂಟನೇ ಒಂದು ಭಾಗ ಆಗಬೇಕು. ಸ್ಲಾಟಿನಲ್ಲಿ 40 ಸುತ್ತು ಇದ್ದರೆ 5 ಸುತ್ತು. ಒಂದು ಎಳೆ ತಂತಿ ಇದ್ದ ಕಡೆ ಎಂಟು ಎಳೆ ಜೋಡಿಸಿಕೊಂಡು ಸುತ್ತಬೇಕು, ಯಾಕೆಂದರೆ ಕರೆಂಟ್ ಏಳೆಂಟು ಆಂಪಿಯರ್ ಇದ್ದದ್ದು ಅರವತ್ತಾಗುತ್ತದೆ. ಎಂಟು ಎಳೆಯನ್ನೂ ಒಂದೇ ಬಿಗಿಯಲ್ಲಿ, ಒಂದರ ಮೇಲೊಂದು ಏರದ ಹಾಗೆ ಸ್ಲಾಟಿನೊಳಗೆ ಇಳಿಸುವಾಗ ಬೆರಳ ತುದಿ ಕೆಂಪಾಗುತ್ತದೆ. ಒಂದು ಎಳೆಯ ಎನಾಮಲ್ ಗೀರಿದರೂ ಪೂರ್ತಿ ಬಿಚ್ಚಬೇಕು. ನಾನು ಮೊದಲನೆಯದನ್ನು ಮೂರು ಸಲ ಬಿಚ್ಚಿದೆ.

ಕಟ್ಟಿದ ಮೇಲೆ ಇನ್ನೂ ಎರಡು ಕೆಲಸವಿದೆ. ಹಿಂದಿನ ಫ್ಯಾನು ಶಾಫ್ಟಿಗೇ ಕೂತಿರುತ್ತದೆ, ಏರಿನಲ್ಲಿ ಮೋಟರ್ ನಿಧಾನವಾಗಿ ತಿರುಗುವಾಗ ಗಾಳಿಯೇ ಬರುವುದಿಲ್ಲ. ಬಿಸಿ ಜಾಸ್ತಿ ಆಗುವುದೂ ಆಗಲೇ. ಅದಕ್ಕೆ ಬೇರೆ ಬ್ಲೋವರ್ ಹಾಕಿ. ಎರಡನೆಯದು, ರೋಟರ್ (ಮೋಟರಿನ ಒಳಗೆ ತಿರುಗುವ ಭಾಗ) ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಕಂಟ್ರೋಲರಿಗೆ ಹೇಳುವ ಸೆನ್ಸರ್. ಪಂಪಿನ ಮೋಟರಿಗೆ ಅದು ಇರುವುದಿಲ್ಲ.

ಇಷ್ಟಕ್ಕೂ ಉಳಿತಾಯ ಜಾಸ್ತಿ ಏನಿಲ್ಲ, ಈ ಥರದ ಎಸಿ ಕಂಟ್ರೋಲರೇ ದುಬಾರಿ. ಆದರೆ ರೀಜನ್ ವಿಷಯದಲ್ಲಿ ನಿಮ್ಮ ಪಂಪಿನಲ್ಲಿರುವಂಥ ಇಂಡಕ್ಷನ್ ಮೋಟರಿನಷ್ಟು ಸಾಧು ಇನ್ನೊಂದಿಲ್ಲ. ಕಬ್ಬಿನ ಗಾಡಿ ನೆನಪು ಮಾಡಿಕೊಳ್ಳಿ. ಏರಿನಲ್ಲಿ ಎತ್ತು ಮುಂದೆ, ಗಾಡಿ ಹಿಂದೆ. ಎತ್ತು ಎಳೆಯುತ್ತದೆ. ಇಳಿಜಾರಿನಲ್ಲಿ ಗಾಡಿಯೇ ನೊಗದ ಮೂಲಕ ಎತ್ತನ್ನು ತಳ್ಳುತ್ತದೆ, ಎತ್ತು ಕಾಲೂರಿ ತಡೆಯುತ್ತದೆ. ಇಲ್ಲಿ ಎತ್ತು ಅಂದರೆ ಸ್ಟೇಟರಿನಲ್ಲಿ (ಮೋಟರಿನ ತಿರುಗದ ಹೊರಭಾಗ) ಸುತ್ತುವ ಅಯಸ್ಕಾಂತದ ಬಲ, ಗಾಡಿ ಅಂದರೆ ರೋಟರ್. ಕಂಟ್ರೋಲರ್ ಆ ಸುತ್ತುವ ಬಲವನ್ನು ರೋಟರಿಗಿಂತ ಒಂಚೂರು ನಿಧಾನ ಮಾಡಿತು ಅಂದರೆ ಮೋಟರ್ ಜನರೇಟರ್ ಆಯಿತು. ಕಂಟ್ರೋಲರ್ ಕೈ ಬಿಟ್ಟರೆ ಅಯಸ್ಕಾಂತವೇ ಇಲ್ಲ, ಕರೆಂಟೂ ಇಲ್ಲ. ಈ ಒಂದು ಗುಣ ಎಷ್ಟು ದೊಡ್ಡದು ಅಂತ ಮುಂದೆ ಹೂಟಗಳ್ಳಿಯವರ ಪತ್ರದಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಸರ್, ಗುಜರಿಯಲ್ಲಿ ಫೋರ್ಕ್‌ಲಿಫ್ಟಿನ ಡಿಸಿ ಸೀರೀಸ್ ಮೋಟರ್ ಸಿಕ್ಕಿದೆ. ಪ್ರಾಜೆಕ್ಟಿಗೆ ಅದನ್ನೇ ಹಾಕಿ ರೀಜನ್ ತೋರಿಸಬೇಕು ಅಂತ ಆಸೆ. ಗೈಡ್ ಆಗಲ್ಲ ಅಂತಾರೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ ತಮ್ಮಾ, ಯಾಕೆ ಅಂತ ಅವರು ಹೇಳಬೇಕಿತ್ತು ಅಷ್ಟೆ.

ಸೀರೀಸ್ ಮೋಟರಿನಲ್ಲಿ ಫೀಲ್ಡ್ ಸುತ್ತು (ಅಯಸ್ಕಾಂತ ಹುಟ್ಟಿಸುವುದು), ಆರ್ಮೇಚರ್ ಸುತ್ತು (ತಿರುಗುವುದು) ಒಂದೇ ಸರದಲ್ಲಿ ಇರುತ್ತವೆ. ಆಕ್ಸಿಲರೇಟರ್ ಬಿಟ್ಟರೆ ಕರೆಂಟ್ ನಿಲ್ಲುತ್ತದೆ, ಕರೆಂಟ್ ನಿಂತರೆ ಫೀಲ್ಡಿನ ಅಯಸ್ಕಾಂತವೂ ಸಾಯುತ್ತದೆ. ಅಯಸ್ಕಾಂತ ಇಲ್ಲದೆ ಜನರೇಟರ್ ಎಲ್ಲಿಂದ ಬರಬೇಕು? ಫೀಲ್ಡಿನ ಎರಡು ತುದಿ ಅದಲು ಬದಲು ಮಾಡಿ ಹುಟ್ಟಿಸಬಹುದು ನಿಜ. ಆದರೆ ಕರೆಂಟ್ ಹುಟ್ಟಿದರೆ ಅಯಸ್ಕಾಂತ ಬಲಿಯುತ್ತದೆ, ಅಯಸ್ಕಾಂತ ಬಲಿತರೆ ಕರೆಂಟ್ ಇನ್ನೂ ಜಾಸ್ತಿ. ಕಾದ ಹಾಲು ಉಕ್ಕಿದ ಹಾಗೆ. ಕೈ ಹಾಕುವಷ್ಟರಲ್ಲಿ ಒಲೆ ಮೇಲೆ. ಕಾರಿಗೆಂದು ಇಂಥ ಮೋಟರ್ ಹಾಕುವವರು ತಿರುಗುವ ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಬ್ರಶ್‌ಗಳನ್ನು ಓಟದ ದಿಕ್ಕಿಗೆ ವಿರುದ್ಧವಾಗಿ ಒಂದಿಷ್ಟು ಸರಿಸಿ ಕೂರಿಸುತ್ತಾರೆ, ಜಾಸ್ತಿ ವೋಲ್ಟಿನಲ್ಲಿ ಕಿಡಿ ಕಡಿಮೆ ಆಗಲಿ ಅಂತ. ಹಾಗೆ ಸರಿಸಿದ ಮೋಟರಿನಲ್ಲಿ ಜನರೇಟರ್ ಆಟ ಆಡಿದರೆ ಬ್ರಶ್ ಉಜ್ಜುವ ಕಮ್ಯುಟೇಟರ್ ಸುತ್ತ ಬೆಂಕಿ ಉಂಗುರ ಕಾಣುತ್ತದೆ.

ಫೋರ್ಕ್‌ಲಿಫ್ಟ್ ಕಂಟ್ರೋಲರಿನಲ್ಲಿ "ಪ್ಲಗ್ ಬ್ರೇಕಿಂಗ್" ಅಂತ ಒಂದಿದೆ. ಅದನ್ನು ರೀಜನ್ ಅಂತ ತಿಳಿದು ಮೋಸ ಹೋಗಬೇಡಿ. ಗಾಡಿ ನಿಲ್ಲುತ್ತದೆ, ಆದರೆ ಶಕ್ತಿ ಬ್ಯಾಟರಿಗೆ ಹೋಗದೆ ಮೋಟರಿನಲ್ಲೇ ಬಿಸಿಯಾಗಿ ಹೋಗುತ್ತದೆ.

ರೀಜನ್ ತೋರಿಸಲೇಬೇಕು ಅಂದರೆ ಫೀಲ್ಡಿಗೆ ಬೇರೆ, ಆರ್ಮೇಚರಿಗೆ ಬೇರೆ ತಂತಿ ಇರುವ ಸೆಪರೇಟ್ಲಿ ಎಕ್ಸೈಟೆಡ್ ಮೋಟರ್ ಹುಡುಕಿ. 2001ರಲ್ಲಿ ಬೆಂಗಳೂರಿನಿಂದ ಬಂದ ಮೊದಲ ರೇವಾದಲ್ಲಿ ಇದ್ದದ್ದು ಅದೇ, 48 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯ ಜೊತೆ. ಫೀಲ್ಡನ್ನು ಕಂಟ್ರೋಲರ್ ತನಗೆ ಬೇಕಾದಷ್ಟು ಇಟ್ಟುಕೊಳ್ಳುತ್ತದೆ, ಹಾಲು ಉಕ್ಕುವುದಿಲ್ಲ.

ಇನ್ನೊಂದು ಮಾತು, ಇದು ತಮಾಷೆಯಲ್ಲ. ಸೀರೀಸ್ ಮೋಟರನ್ನು ಬೆಂಚಿನ ಮೇಲೆ ಲೋಡ್ ಇಲ್ಲದೆ ಪೂರ್ತಿ ವೋಲ್ಟ್ ಕೊಟ್ಟು ಓಡಿಸಬೇಡಿ. ವೇಗ ಏರುತ್ತಾ ಏರುತ್ತಾ ಹೋಗಿ ಆರ್ಮೇಚರಿನ ತಾಮ್ರ ಕಿತ್ತು ಬರುತ್ತದೆ. 12 ವೋಲ್ಟಿನ ಕಾರ್ ಬ್ಯಾಟರಿ ಸಾಕು, ಅದೂ ಮೋಟರನ್ನು ಕಟ್ಟಿ ಹಾಕಿ.

ಪ್ರಶ್ನೆ: 72 ವೋಲ್ಟಿನ ಬಿಎಲ್‌ಡಿಸಿ ಮೋಟರ್ (ಬ್ರಶ್ ಇಲ್ಲದ, ಕಾಯಂ ಅಯಸ್ಕಾಂತದ್ದು), 24 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಹಾಕಿ ಒಂದು ಗಾಡಿ ಕಟ್ಟುತ್ತಿದ್ದೇನೆ. ಶೆಡ್ ಹಿಂದಿನ ಖಾಲಿ ಜಾಗದಲ್ಲಿ ಓಡಿಸುವಾಗ ಬೆಳಿಗ್ಗೆ ಚಾರ್ಜ್ ತೆಗೆದ ತಕ್ಷಣ ರೀಜನ್ ಹಿಡಿದರೆ ಜರ್ಕ್ ಹೊಡೆದು ಎಲ್ಲ ಆಫ್ ಆಗುತ್ತದೆ. ಸ್ವಲ್ಪ ಓಡಿದ ಮೇಲೆ ಸರಿಹೋಗುತ್ತದೆ. ಕಂಟ್ರೋಲರ್ ಕೆಟ್ಟಿದೆಯೇ?
— ಟೂಲ್ ರೂಮ್ ಕೆಲಸಗಾರ, ಹೂಟಗಳ್ಳಿ

ಉತ್ತರ: ಇನ್ನೂ ಕೆಟ್ಟಿಲ್ಲ. ಇವತ್ತೇ ರೀಜನ್ ಆಫ್ ಮಾಡಿ, ಆಮೇಲೆ ಮುಂದೆ ಓದಿ.

ನಿಮ್ಮ ಬ್ಯಾಟರಿ ಬೆಳಿಗ್ಗೆ ಕಂಠಪೂರ್ತಿ ತುಂಬಿರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹುಯ್ದರೆ ಚೆಲ್ಲಲೇಬೇಕು. ನಮ್ಮ ಮೈಸೂರು–ಬೆಂಗಳೂರು ಲೈನಿನಲ್ಲಿ ಓಡುವ ತ್ರೀ ಫೇಸ್ ಎಂಜಿನ್‌ಗಳೂ ಬ್ರೇಕ್ ಹಾಕುವಾಗ ಕರೆಂಟ್ ಹುಟ್ಟಿಸುತ್ತವೆ. ಆದರೆ ಅವಕ್ಕೆ ತಲೆ ಮೇಲೆ ತಂತಿ ಇದೆ, ಒಂದು ರೈಲು ಬಿಟ್ಟದ್ದನ್ನು ಇನ್ನೊಂದು ರೈಲು ತೆಗೆದುಕೊಳ್ಳುತ್ತದೆ. ನಮ್ಮ ಕಾರಿಗೆ ಬ್ಯಾಟರಿ ಬಿಟ್ಟರೆ ಗತಿ ಇಲ್ಲ. ಯಾವುದೋ ಒಂದು ಸೆಲ್ 3.65 ವೋಲ್ಟ್ ದಾಟಿದ ತಕ್ಷಣ ಬಿಎಂಎಸ್ (ಒಂದೊಂದು ಸೆಲ್ಲನ್ನೂ ಕಾಯುವ ಬೋರ್ಡು) ಗಾಬರಿಯಾಗಿ ಕಾಂಟ್ಯಾಕ್ಟರ್ (ಬ್ಯಾಟರಿಯನ್ನು ಜೋಡಿಸಿ ಬಿಡಿಸುವ ದೊಡ್ಡ ಸ್ವಿಚ್ಚು) ಬಿಡಿಸುತ್ತಿದೆ. ಅದೇ ನಿಮ್ಮ ಜರ್ಕ್.

ಅಪಾಯ ಇರುವುದು ಅದರ ಮುಂದಿನ ಕ್ಷಣದಲ್ಲಿ. ಬಿಎಲ್‌ಡಿಸಿ ಮೋಟರ್ ನಿಧಾನವಾಗಿ ತಿರುಗುವಾಗ ಹುಟ್ಟಿಸುವುದು 20–30 ವೋಲ್ಟ್. ಅದು 80 ವೋಲ್ಟಿನ ಬ್ಯಾಟರಿಯೊಳಗೆ ಹೇಗೆ ನುಗ್ಗುತ್ತದೆ ಅಂತ ಯೋಚಿಸಿದ್ದೀರಾ? ಕಂಟ್ರೋಲರಿನಲ್ಲಿ ಮೈನಸ್ ಕಡೆ ಇರುವ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಮೋಟರಿನ ಸುತ್ತನ್ನು ಒಂದು ಕ್ಷಣ ಶಾರ್ಟ್ ಮಾಡಿ ಕರೆಂಟ್ ಬೆಳೆಸುತ್ತವೆ, ಆಮೇಲೆ ಪಟ್ ಅಂತ ಬಿಡುತ್ತವೆ. ಹರಿಯುತ್ತಿದ್ದ ಕರೆಂಟ್ ನಿಲ್ಲಲು ಒಪ್ಪುವುದಿಲ್ಲ, ವೋಲ್ಟೇಜ್ ಏರಿಸಿಕೊಂಡು ಬ್ಯಾಟರಿಯೊಳಗೆ ನುಗ್ಗುತ್ತದೆ. ಹಳೇ ಟ್ಯೂಬ್‌ಲೈಟಿನ ಚೋಕ್, ಸ್ಟಾರ್ಟರ್ ಬಿಟ್ಟಾಗ ಇದೇ ಕೆಲಸ ಮಾಡುತ್ತಿತ್ತು. ಇದನ್ನೇ ಸೆಕೆಂಡಿಗೆ ಸಾವಿರಾರು ಸಲ ಮಾಡುವುದು ರೀಜನ್. ಬೇರೆ ಯಾವ ಸಾಮಾನೂ ಬೇಕಿಲ್ಲ, ಅದೇ ಮಾಸ್‌ಫೆಟ್, ಅದೇ ಸುತ್ತು. ಈಗ ನಡುವೆ ಕಾಂಟ್ಯಾಕ್ಟರ್ ಬಿಟ್ಟುಕೊಂಡರೆ? ಕರೆಂಟಿಗೆ ಹೋಗಲು ಜಾಗವೇ ಇಲ್ಲ. ಪಂಪಿನ ಇಂಡಕ್ಷನ್ ಮೋಟರಾದರೆ ಕಂಟ್ರೋಲರ್ ಕೈ ಬಿಟ್ಟಾಗ ಸುಮ್ಮನಾಗುತ್ತದೆ. ಇದರ ಅಯಸ್ಕಾಂತ ಕಾಯಂ, ತಿರುಗುವವರೆಗೂ ಕರೆಂಟ್ ಹುಟ್ಟಿಸುತ್ತಲೇ ಇರುತ್ತದೆ. ಒಂದೆರಡು ಮಿಲಿಸೆಕೆಂಡಿನಲ್ಲಿ ವೋಲ್ಟೇಜ್ 100 ದಾಟುತ್ತದೆ.

ಇದನ್ನು ನಾನು ಎಲ್ಲೋ ಓದಿ ಹೇಳುತ್ತಿಲ್ಲ. ಐದು ವರ್ಷದ ಹಿಂದೆ ತೋಟದಲ್ಲಿ ನನ್ನ 800ನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದೆ. ಬೆಳಿಗ್ಗೆ ಮೀಟರ್ 87.6 ತೋರಿಸುತ್ತಿತ್ತು. ಸೆಲ್ಲಿಗೆ 3.65ರ ಲೆಕ್ಕ, ಒಂದು ಹನಿ ಕಡಿಮೆ ಇಲ್ಲ. ನನಗೋ ಹೆಮ್ಮೆ. ತೋಟದ ಮನೆಯಿಂದ ನಾಲೆ ಕಡೆಗೆ ನೂರೈವತ್ತು ಅಡಿ ಇಳಿಜಾರು. ಭಾವಮೈದ ಪಕ್ಕದಲ್ಲಿ ಕೂತಿದ್ದರು. "ನೋಡಿ ಈಗ, ಬ್ರೇಕ್ ಮುಟ್ಟಲ್ಲ" ಅಂತ ಆಕ್ಸಿಲರೇಟರ್ ಬಿಟ್ಟೆ. ಗಾಡಿ ಹಿಡಿಯಿತು. ಮೂರು ಸೆಕೆಂಡ್. ಸೀಟಿನ ಕೆಳಗೆ ಟಕ್ ಅಂತ ಕಾಂಟ್ಯಾಕ್ಟರ್ ಬಿಟ್ಟ ಸದ್ದು, ಅದರ ಬೆನ್ನಿಗೇ ಬಾನೆಟ್ಟಿನೊಳಗೆ ಟಪ್. ಹಿಡಿದಿದ್ದ ಗಾಡಿ ಕೈ ಬಿಟ್ಟು ಮುಂದಕ್ಕೆ ಜಾರಿತು, ಎದುರಿಗೆ ನಾಲೆ. ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು. ನಿಂತ ಮೇಲೆ ಭಾವಮೈದ ಏನೂ ಮಾತಾಡಲಿಲ್ಲ, ಬಾಗಿಲು ತೆಗೆದು ಇಳಿದು ಮನೆ ಕಡೆ ನಡೆದರು.

ಗೇರಿನಲ್ಲೇ ಗಾಡಿಯನ್ನು ಹಿಂದಕ್ಕೆ ತಳ್ಳಲು ಹೋದರೆ ಯಾರೋ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದ ಹಾಗೆ. ಎರಡು ಫೇಸಿನ ಮಾಸ್‌ಫೆಟ್‌ಗಳು ಶಾರ್ಟಾಗಿ ಮೋಟರ್ ತನಗೆ ತಾನೇ ಬ್ರೇಕ್ ಹಾಕಿಕೊಳ್ಳುತ್ತಿತ್ತು. ನ್ಯೂಟ್ರಲ್ಲಿಗೆ ಹಾಕಿದ ಮೇಲೆ ಸಲೀಸಾಗಿ ಬಂತು. ಅಂಗಡಿಗೆ ತಂದು ಕಂಟ್ರೋಲರ್ ಮುಚ್ಚಳ ತೆಗೆದರೆ ಮಾಸ್‌ಫೆಟ್‌ಗಳ ತಲೆ ಹುರಿದ ಕಡಲೆಬೀಜದ ಹಾಗೆ ಸೀಳಿತ್ತು. ತಪ್ಪು ಕಂಟ್ರೋಲರಿನದೂ ಅಲ್ಲ, ಬಿಎಂಎಸ್‌ನದೂ ಅಲ್ಲ. ಇಬ್ಬರನ್ನೂ ಜೋಡಿಸಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ ಹಾಗೆ ಇಟ್ಟ ನನ್ನದು.

ಈಗ ನಾನು ಇಟ್ಟಿರುವುದು ಹೀಗೆ. ಚಾರ್ಜರ್ 83 ವೋಲ್ಟಿಗೆ ನಿಲ್ಲುತ್ತದೆ, ಸೆಲ್ಲಿಗೆ 3.45ರಂತೆ. ಎಲ್‌ಎಫ್‌ಪಿ ಸೆಲ್ ಅಷ್ಟಕ್ಕೇ ಹೆಚ್ಚುಕಡಿಮೆ ತುಂಬಿರುತ್ತದೆ, ಮೇಲಿನ ಆ ಚೂರಿಗಾಗಿ ಆಸೆ ಪಡುವುದು ಬೇಡ. ಕಂಟ್ರೋಲರಿನಲ್ಲಿ ರೀಜನ್ ಮಿತಿ 85 ವೋಲ್ಟ್. ಅದನ್ನು ಮುಟ್ಟುವ ಮೊದಲೇ ಅದು ತಾನಾಗಿ ಕಡಿಮೆ ಮಾಡಿಕೊಳ್ಳುತ್ತದೆ. ಬಿಎಂಎಸ್ ಕಾಂಟ್ಯಾಕ್ಟರ್ ಬಿಡಿಸುವುದು ಎಲ್ಲಕ್ಕಿಂತ ಕೊನೆಗೆ. ಕಂಟ್ರೋಲರ್ ನೋಡುವುದು ಒಟ್ಟು ವೋಲ್ಟೇಜ್, ಬಿಎಂಎಸ್ ನೋಡುವುದು ಒಂದೊಂದೇ ಸೆಲ್. ಒಂದು ಸೆಲ್ ಮಾತ್ರ ಮುಂದೆ ಓಡುತ್ತಿದ್ದರೆ ಒಟ್ಟು ಲೆಕ್ಕ ಸರಿಯಾಗೇ ಕಾಣುತ್ತದೆ. ಅದಕ್ಕೆ ಬಿಎಂಎಸ್‌ನಿಂದ ಒಂದು ತಂತಿ ಎಳೆದು ಕಂಟ್ರೋಲರಿನ ರೀಜನ್ ಕಟ್ ಪಿನ್ನಿಗೆ ಕೊಟ್ಟಿದ್ದೇನೆ. ಸೆಲ್ 3.55 ಮುಟ್ಟಿದರೆ ಮೊದಲು ರೀಜನ್ ನಿಲ್ಲುತ್ತದೆ, ಕಾಂಟ್ಯಾಕ್ಟರ್ ಹಾಗೇ ಇರುತ್ತದೆ. ನಿಮ್ಮ ಕಂಟ್ರೋಲರಿನಲ್ಲಿ ಆ ಪಿನ್ ಇಲ್ಲದಿದ್ದರೆ ಡ್ಯಾಶ್‌ಬೋರ್ಡಿಗೆ ಒಂದು ಸ್ವಿಚ್ ಹಾಕಿ, ಮೊದಲ ಎರಡು ಕಿ.ಮೀ. ಆಫ್ ಇಟ್ಟು ಓಡಿಸಿ.

ರೀಜನ್ ಕರೆಂಟೂ ಹದವಾಗಿರಲಿ. 100 ಎಎಚ್ (ಆಂಪಿಯರ್-ಅವರ್) ಸೆಲ್ಲಿಗೆ 50 ಆಂಪಿಯರ್ ಮೀರಬೇಡಿ. 20ರಿಂದ ಶುರು ಮಾಡಿ ಏರಿಸಿಕೊಂಡು ಹೋಗಿ.

ಪ್ರಶ್ನೆ: ಕೀ ತಿರುಗಿಸಿದಾಗಲೆಲ್ಲ ಕಾಂಟ್ಯಾಕ್ಟರಿನಲ್ಲಿ ಕಿಡಿ ಹಾರಿ, ಈಗ ಅಂಟಿಕೊಂಡೇ ಬಿಟ್ಟಿದೆ.
— ಕೆ.ಆರ್. ಪೇಟೆ

ಉತ್ತರ: ಪ್ರೀಚಾರ್ಜ್ ರೆಸಿಸ್ಟರ್ ಹಾಕಿಲ್ಲ ನೀವು. ಕಂಟ್ರೋಲರಿನೊಳಗೆ ದಪ್ಪ ದಪ್ಪ ಕೆಪಾಸಿಟರ್ ಇವೆ, ಖಾಲಿ ಇರುವಾಗ ಅವು ಶಾರ್ಟ್ ಸರ್ಕ್ಯೂಟಿನ ಹಾಗೇ ಕರೆಂಟ್ ಎಳೆಯುತ್ತವೆ. 100 ಓಮ್, 25 ವಾಟಿನ ವೈರ್‌ವೂಂಡ್ ರೆಸಿಸ್ಟರ್ ಮೂಲಕ ಐದು ಸೆಕೆಂಡ್ ತುಂಬಿಸಿ, ಆಮೇಲೆ ಕಾಂಟ್ಯಾಕ್ಟರ್ ಹಿಡಿಯಲಿ. ಹಾಗೇ ನಿಮ್ಮ ಫೋಟೋದಲ್ಲಿ ಮನೆ ಡಿಬಿ ಬೋರ್ಡಿನ ಎಂಸಿಬಿ ಕಾಣುತ್ತಿದೆ. ಅದನ್ನು ಕಿತ್ತು ಬಿಸಾಕಿ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ, ಕಿಡಿ ಆರುತ್ತದೆ. ಡಿಸಿಗೆ ಸೊನ್ನೆಯೇ ಇಲ್ಲ, ಕಿಡಿ ಆರದೆ ಎಂಸಿಬಿಯೇ ಕರಗುತ್ತದೆ. ಡಿಸಿಗೆಂದೇ ಮಾಡಿದ ಫ್ಯೂಸ್, ಡಿಸಿಗೆಂದೇ ಮಾಡಿದ ಬ್ರೇಕರ್.

ಪ್ರಶ್ನೆ: ಹಿಂದಿನ ಚಕ್ರಕ್ಕೆ ಆಲ್ಟರ್ನೇಟರ್ ಕಟ್ಟಿ ಓಡುತ್ತಾ ಓಡುತ್ತಾ ಚಾರ್ಜ್ ಮಾಡಿದರೆ ಪ್ಲಗ್ಗೇ ಬೇಡವಲ್ಲ?
— ನಾಗಮಂಗಲ, ಮಳವಳ್ಳಿ, ಹುಣಸೂರು, ಇನ್ನೂ ಏಳು ಊರು

ಉತ್ತರ: ತೊಟ್ಟಿಯಿಂದ ಬಕೆಟ್ಟಿಗೆ, ಬಕೆಟ್ಟಿಂದ ತೊಟ್ಟಿಗೆ ನೀರು ಹುಯ್ಯುತ್ತಾ ಕೂತರೆ ಸಂಜೆಗೆ ತೊಟ್ಟಿ ತುಂಬುತ್ತದೆಯೇ? ನೆಲ ಒದ್ದೆಯಾಗುತ್ತದೆ. ಮುಂದಿನ ಪ್ರಶ್ನೆ.

ಪ್ರಶ್ನೆ: ಓಮ್ನಿಗೆ ಮೋಟರ್ ಹಾಕಿ ನಮ್ಮ ಮಿಲ್ಲಿನ ಅಂಗಳದಲ್ಲೇ ಪ್ರಯೋಗ ಮಾಡುತ್ತಿದ್ದೇವೆ. ಮಳೆಯಲ್ಲಿ ರೀಜನ್ ಹಿಡಿದಾಗ ಹಿಂಭಾಗ ಪಕ್ಕಕ್ಕೆ ಜಾರಿತು. ಗೇರ್‌ಬಾಕ್ಸ್, ಕ್ಲಚ್ ಇಟ್ಟುಕೊಳ್ಳಬೇಕೇ?
— ನಂಜನಗೂಡು

ಉತ್ತರ: ಓಮ್ನಿಯಲ್ಲಿ ಎಳೆಯುವುದು ಹಿಂದಿನ ಚಕ್ರ, ಹಾಗಾಗಿ ರೀಜನ್ ಹಿಡಿಯುವುದೂ ಹಿಂದಿನ ಚಕ್ರವನ್ನೇ. ಬ್ರೇಕ್ ಹಾಕುವಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹಿಂಭಾಗ ಹಗುರಾಗುತ್ತದೆ. ಹಗುರಾದ ಚಕ್ರವನ್ನು ಒದ್ದೆ ನೆಲದಲ್ಲಿ ಬಿಗಿ ಹಿಡಿದರೆ ಜಾರದೆ ಏನು ಮಾಡುತ್ತದೆ? ಹ್ಯಾಂಡ್ ಬ್ರೇಕ್ ಎಳೆದ ಹಾಗೇ ಅದು. 800ರಲ್ಲಿ ಮುಂದಿನ ಚಕ್ರ ಎಳೆಯುವುದರಿಂದ ಈ ಕಾಟ ಕಡಿಮೆ. ನೀವು ರೀಜನ್ ಅರ್ಧಕ್ಕಿಂತ ಕೆಳಗಿಡಿ. ಒಮ್ಮೆಲೇ ಹಿಡಿಯದೆ ಒಂದು ಸೆಕೆಂಡಿನಲ್ಲಿ ನಿಧಾನಕ್ಕೆ ಏರುವ ಹಾಗೆ ಸೆಟ್ ಮಾಡಿ. ಮಳೆಗೆ ಪೂರ್ತಿ ಆಫ್ ಮಾಡುವ ಸ್ವಿಚ್ ಇರಲಿ.

ಗೇರ್‌ಬಾಕ್ಸ್ ಇರಲಿ. ಏರಿಗೆ ಎರಡನೇ ಗೇರು, ಉಳಿದ ಕಡೆ ಮೂರು. ಕೈಗೊಂದು ನ್ಯೂಟ್ರಲ್ ಇರುವುದು ಎಷ್ಟು ಉಪಕಾರ ಅಂತ ಮೇಲೆ ಹೇಳಿದ್ದೇನೆ. ಅಯಸ್ಕಾಂತದ ಮೋಟರ್ ಇರುವ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವಾಗಲೂ ನ್ಯೂಟ್ರಲ್ ಬೇಕೇ ಬೇಕು. ಇಲ್ಲದಿದ್ದರೆ ಕೀ ತೆಗೆದಿದ್ದರೂ ಅದು ಕರೆಂಟ್ ಹುಟ್ಟಿಸುತ್ತಲೇ ಇರುತ್ತದೆ. ಕ್ಲಚ್ ತೆಗೆಯಬಹುದು. ಹಳೇ ಕ್ಲಚ್ ಪ್ಲೇಟಿನ ನಡುವೆ ಹಲ್ಲಿರುವ ಬಾಸ್ ಇದೆಯಲ್ಲ, ಅದನ್ನು ಕತ್ತರಿಸಿ ತೆಗೆದು ಮೋಟರ್ ಶಾಫ್ಟಿನ ಕಪ್ಲಿಂಗಿಗೆ ವೆಲ್ಡ್ ಮಾಡಿಸಿದರೆ ಗೇರ್‌ಬಾಕ್ಸಿಗೆ ಸರಿಯಾಗಿ ಕೂರುತ್ತದೆ. ವೆಲ್ಡ್ ಆದ ಮೇಲೆ ಲೇತಿನಲ್ಲಿ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ. 0.05 ಮಿ.ಮೀ.ಗಿಂತ ಜಾಸ್ತಿ ಆಡಿದರೆ ವಾಪಸ್ ಕೊಡಿ. ಲೇತಿನವರು "ಓಡ್ತಾ ಓಡ್ತಾ ಸರಿಹೋಗುತ್ತೆ ಸರ್" ಅನ್ನುತ್ತಾರೆ. ಹೋಗುವುದಿಲ್ಲ, ಬೇರಿಂಗ್ ಹೋಗುತ್ತದೆ.

ಪ್ರಶ್ನೆ: ನಮ್ಮ ಯಜಮಾನರು ಅಂಗಳದಲ್ಲಿ ಕಾರು ಕಟ್ಟುತ್ತಿದ್ದಾರೆ. ಬ್ರೇಕ್ ಪೆಡಲ್ ಕಲ್ಲಿನ ಹಾಗಿದೆ, ಎರಡೂ ಕಾಲಿಟ್ಟು ಒತ್ತಬೇಕು. ಆಕ್ಸಿಲರೇಟರ್ ಬಿಟ್ಟು ಕಾರು ನಿಧಾನ ಆದರೂ ಹಿಂದಿನ ಕೆಂಪು ಲೈಟ್ ಹತ್ತುವುದಿಲ್ಲ. ಅವರು "ಪರವಾಗಿಲ್ಲ" ಅನ್ನುತ್ತಾರೆ.
— ಶಾಲಾ ಶಿಕ್ಷಕಿ, ಶ್ರೀರಂಗಪಟ್ಟಣ

ಉತ್ತರ: ಪರವಾಗಿದೆ ಮೇಡಂ. ಈ ತಿಂಗಳು ಬಂದ ಪತ್ರಗಳಲ್ಲಿ ಅತಿ ಮುಖ್ಯವಾದದ್ದು ನಿಮ್ಮದೇ, ಇದನ್ನು ಅವರಿಗೆ ಓದಿ ಹೇಳಿ. ಪೆಡಲ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ಹೀರುವ ಗಾಳಿಯ ವ್ಯಾಕ್ಯೂಮಿನಿಂದ. ಎಂಜಿನ್ ಇಳಿಸಿದ ದಿನವೇ ಅದು ಹೋಯಿತು. 12 ವೋಲ್ಟಿನ ವ್ಯಾಕ್ಯೂಮ್ ಪಂಪ್, ಒಂದು ಚಿಕ್ಕ ಟ್ಯಾಂಕ್, ಒಂದು ವ್ಯಾಕ್ಯೂಮ್ ಸ್ವಿಚ್ ಹಾಕಿಸಬೇಕು. ರೀಜನ್ ಇದೆಯಲ್ಲ ಅಂತ ಇದನ್ನು ಬಿಡುವ ಹಾಗಿಲ್ಲ. ಗಾಡಿ ಪೂರ್ತಿ ನಿಲ್ಲುವ ಹೊತ್ತಿಗೆ ರೀಜನ್ ಕೈಲಾಗುವುದಿಲ್ಲ, ಬ್ಯಾಟರಿ ತುಂಬಿದ್ದರೆ ಇರುವುದೇ ಇಲ್ಲ.

ಲೈಟಿನದೂ ಅಷ್ಟೆ. ಹಿಂದೆ ಬರುವ ಬಸ್ಸಿನ ಡ್ರೈವರಿಗೆ ನಿಮ್ಮ ಕಾರಿನೊಳಗೆ ರೀಜನ್ ಇದೆ ಅಂತ ಹೇಗೆ ಗೊತ್ತಾಗಬೇಕು? ವಿಶ್ವಸಂಸ್ಥೆಯ ವಾಹನ ನಿಯಮ 13-ಎಚ್ ಪ್ರಕಾರ ರೀಜನ್‌ನಿಂದ ವೇಗ ಸೆಕೆಂಡಿಗೆ ಸೆಕೆಂಡಿಗೆ 1.3 ಮೀಟರಿಗಿಂತ ಜಾಸ್ತಿ ಇಳಿಯುತ್ತಿದ್ದರೆ ಬ್ರೇಕ್ ಲೈಟ್ ಹತ್ತಲೇಬೇಕು. ಎಷ್ಟೋ ಕಂಟ್ರೋಲರ್‌ಗಳಲ್ಲಿ ಅದಕ್ಕೆ ಬೇರೆ ಔಟ್‌ಪುಟ್ ಇರುತ್ತದೆ, ಒಂದು ರಿಲೇ ಹಾಕಿದರೆ ಮುಗಿಯಿತು. ಒಂದು ಭಾನುವಾರದ ಕೆಲಸ.

ಪ್ರಶ್ನೆ: ಕಟ್ಟಿದ ಕಾರನ್ನು ರಸ್ತೆಗೆ ಇಳಿಸಬಹುದೇ? ಆರ್‌ಟಿಓದವರು ಏನಂತಾರೆ?
— ಬಹಳ ಜನ

ಉತ್ತರ: ಮೋಟರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಮಾಡಿದ್ದನ್ನು ನಮಗೆ ತೋಚಿದ ಹಾಗೆ ಬದಲಾಯಿಸುವಂತಿಲ್ಲ. ಎಲೆಕ್ಟ್ರಿಕ್ ಮಾಡಿಸಬೇಕೆಂದರೆ ಎಐಎಸ್-123 ಮಾನದಂಡದ ಪ್ರಕಾರ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆ ಒಪ್ಪಿದ ಕಿಟ್ ಆಗಬೇಕು. ಆ ಕಿಟ್ಟಿನವರೇ ಒಪ್ಪಿದ ಕಡೆ ಹಾಕಿಸಿ, ಆಮೇಲೆ ಆರ್‌ಸಿಯಲ್ಲಿ ಇಂಧನದ ಕಡೆ ಎಲೆಕ್ಟ್ರಿಕ್ ಅಂತ ಬರೆಸಬೇಕು. ನಾನು ಬನ್ನಿಮಂಟಪದಲ್ಲಿ ವೈಂಡ್ ಮಾಡಿ, ಪಕ್ಕದ ಲೇತಿನಲ್ಲಿ ಕಪ್ಲಿಂಗ್ ಮಾಡಿಸಿದ ಗಾಡಿಗೆ ಇದ್ಯಾವುದೂ ಇಲ್ಲ. ರಸ್ತೆಯಲ್ಲಿ ಯಾರಿಗಾದರೂ ತಾಗಿದರೆ ಇನ್ಶೂರೆನ್ಸ್ ಕಂಪನಿ ಮೊದಲು ಕೇಳುವುದು ಅದನ್ನೇ.

ಹಾಗಾಗಿ ಚಾಮುಂಡಿ ಬೆಟ್ಟಕ್ಕೆ ರೇವಾ ಹೋಗುತ್ತದೆ. 800 ಬೇಲಿ ಒಳಗೇ. ಈಗ ಅದರ ಹಿಂದಿನ ಸೀಟ್ ತೆಗೆದಿದ್ದೇವೆ, ತೆಂಗಿನಕಾಯಿ ತುಂಬಲು. ಭಾವಮೈದ ತಾವೇ ಓಡಿಸುತ್ತಾರೆ. ಇಳಿಜಾರು ಬಂದರೆ ಮಾತ್ರ ರೀಜನ್ ಸ್ವಿಚ್ ಆಫ್ ಮಾಡಿ ಬ್ರೇಕಿನ ಮೇಲೆ ಕಾಲಿಟ್ಟುಕೊಳ್ಳುತ್ತಾರೆ.